ನಾರಮ್ಮನ ಹಿಂದೆ ನಿಂತಿದ್ದವರು

ನಾನು ಮುಂಗೋಪಿ. ಹಿಂದೂಪುರದ ನಮ್ಮ ಮಗ್ಗದ ಬೀದಿಯಲ್ಲಿ ಯಾರನ್ನು ಕೇಳಿದರೂ, ಸ್ಟುಡಿಯೋ ಉಮಾಶಂಕರನಿಗೆ ಮೂಗಿನ ತುದಿಯಲ್ಲೇ ಕೋಪ ಅನ್ನುತ್ತಾರೆ. ಆ ಕೋಪದಿಂದ ಇಷ್ಟು ವರ್ಷ ಯಾರಿಗೂ ದೊಡ್ಡ ಹಾನಿಯಾಗಿರಲಿಲ್ಲ. ಹಾನಿಯಾದದ್ದು ನನ್ನ ಜಂಬದಿಂದ.

ಮದುವೆ, ನಾಮಕರಣದ ಫೋಟೋ ನನ್ನ ಹೊಟ್ಟೆಪಾಡು. ಹುಚ್ಚು ಮಾತ್ರ ಬೇರೆ. ಬೀದಿಯಲ್ಲಿ ಜನಕ್ಕೆ ತಿಳಿಯದ ಹಾಗೆ ಫೋಟೋ ತೆಗೆಯುವುದು. ಕ್ಯಾಮೆರಾ ಕಂಡರೆ ನಮ್ಮ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಕಾಣದಿದ್ದಾಗ ಅವರ ಚಂದವೇ ಬೇರೆ. ಮೊನ್ನೆ ಮದುವೆಯೊಂದಕ್ಕೆ ಕಲ್ಯಾಣದುರ್ಗಕ್ಕೆ ಹೋದವನು ಬಸ್‌ಸ್ಟ್ಯಾಂಡಿನಲ್ಲಿ ಸುತ್ತಾಡುತ್ತಿದ್ದೆ. ಬೇಯಿಸಿದ ಕಡ್ಲೆಕಾಯಿ ಮಾರುವ ನಾರಮ್ಮ ಅನ್ನುವ ಮುದುಕಿ, ತನ್ನ ಬುಟ್ಟಿಗೆ ಬಾಯಿ ಹಾಕಿದ ಗೂಳಿಯ ಮೂತಿಗೆ ಚಪ್ಪಲಿಯಲ್ಲಿ ಬಾರಿಸಿದಳು. ಗೂಳಿ ಕಣ್ಣು ಮುಚ್ಚಿತ್ತು, ಅವಳ ಬೊಚ್ಚು ಬಾಯಿ ಅಗಲವಾಗಿ ತೆರೆದಿತ್ತು, ಕಡ್ಲೆಕಾಯಿ ಇನ್ನೂ ಗಾಳಿಯಲ್ಲಿದ್ದವು. ಹತ್ತು ವರ್ಷದಲ್ಲಿ ನಾನು ತೆಗೆದ ಫೋಟೋಗಳಲ್ಲಿ ಅದೇ ಒಳ್ಳೆಯದು.

ಊರಿಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ನಾರಮ್ಮನ ಹಿಂದೆ ಇನ್ನಿಬ್ಬರು ಕಂಡರು. ಜನ ತುಂಬುವ ಜೀಪಿನ ಪಕ್ಕ ಒಬ್ಬ ಡ್ರೈವರ್ ಬಗ್ಗಿ ನಿಂತಿದ್ದ. ಒಬ್ಬಳು ಸೆರಗಿನಿಂದ ಅವನ ಕತ್ತಿನ ಬೆವರು ಒರೆಸುತ್ತಿದ್ದಳು. ಅವಳು ಬನಶ್ರೀ.

ಬನಶ್ರೀ ನಮ್ಮ ಬೀದಿಯ ನೇಕಾರ ಶಂಕರಯ್ಯ ದೊಡ್ಡಪ್ಪನ ಮಗಳು. ಏಳು ತಿಂಗಳ ಹಿಂದೆ ಬೆಳುಗುಪ್ಪ ಕಡೆಯ ಅಂಜಿ ಎಂಬ ಈ ಡ್ರೈವರನ ಜೊತೆ ಹೋಗಿ ಮದುವೆಯಾಗಿದ್ದಳು. ಅವನ ಜಾತಿ ಬೇರೆ. ಅವಳ ಅಣ್ಣ ಸುರೇಂದ್ರ ಟೀ ಅಂಗಡಿಯಲ್ಲಿ ನಾಲ್ಕು ಜನರ ಎದುರು, ಸಿಕ್ಕಿದ ದಿನ ಇಬ್ಬರನ್ನೂ ಕಡಿಯುತ್ತೇನೆ ಎಂದಿದ್ದ. ಕುಡಿದು ಹೇಳಿದ ಮಾತಲ್ಲ ಅದು. ಆ ನಾಲ್ಕು ಜನರಲ್ಲಿ ನಾನೂ ಒಬ್ಬ.

ಆ ಫೋಟೋವನ್ನು ಅಲ್ಲೇ ಅಳಿಸಿಬಿಡಬೇಕಿತ್ತು. ನಾನು ಇಬ್ಬರ ಮುಖ, ಜೀಪಿನ ನಂಬರು ಎರಡನ್ನೂ ಮಸುಕು ಮಾಡಿ, ದೊಡ್ಡದಾಗಿ ಪ್ರಿಂಟ್ ಹಾಕಿ ಸ್ಟುಡಿಯೋದ ಗಾಜಿನ ಬಾಗಿಲಿಗೆ ಅಂಟಿಸಿದೆ. ಅಷ್ಟು ದೂರ ಹೋಗಿ ತೆಗೆದದ್ದು ಅಂತ ತಿಳಿಯಲಿ ಎಂದು ಕೆಳಗೆ ಕಲ್ಯಾಣದುರ್ಗಂ ಬಸ್‌ಸ್ಟ್ಯಾಂಡ್ ಎಂದು ತೆಲುಗಿನಲ್ಲಿ ಬರೆದೂ ಬರೆದೆ.

ಮೂರನೆಯ ದಿನ ಬೆಳಿಗ್ಗೆ ಶಂಕರಯ್ಯ ದೊಡ್ಡಪ್ಪ ಪಿಂಚಣಿ ಅರ್ಜಿಗೆ ಫೋಟೋ ತೆಗೆಸಲು ಬಂದರು. ಬೈಕಿನಲ್ಲಿ ಕರೆತಂದವನು ಸುರೇಂದ್ರ. ದೊಡ್ಡಪ್ಪ ಬಾಗಿಲಲ್ಲೇ ನಿಂತುಬಿಟ್ಟರು. ಗಾಜಿನ ಮೇಲೆ ಬೆರಳಿಟ್ಟು ಹಿಂದೆ ನಿಂತಿದ್ದ, ಮುಖ ಮಸುಕಾದ ಹೆಂಗಸಿನ ಸೀರೆಯ ಪಟ್ಟೆಗಳನ್ನು ಒಂದೊಂದಾಗಿ ಸವರಿದರು.

"ಉಮಾ, ಇದು ನನ್ ಕೈಕೆಲ್ಸ ಕಣಪ್ಪ. ಬದ್ನೆ ಬಣ್ಣದ ನೂಲು ನಾಕು ಬೆಳ್ಳಗಲಕ್ಕೇ ಮುಗ್ದೋಯ್ತು, ಆಮೇಲೆ ಗಿಣಿಹಸ್ರು ಹಾಕ್ದೆ. ನನ್ ಮಗ್ಳು ಬದ್ಕವ್ಳೆ" ಎಂದು ಅಳುತ್ತ ನಕ್ಕರು.

ನಮ್ಮ ಬೀದಿಯಲ್ಲಿ ಮಗ್ಗದ ಮೇಲೆ ಹಾಸಿನ ಉದ್ದನೂಲು ಮುಗಿಯುತ್ತ ಬಂದಾಗ, ಬೇರೆ ಬೇರೆ ಸೀರೆಗಳಲ್ಲಿ ಮಿಕ್ಕ ಬಣ್ಣದ ನೂಲನ್ನೆಲ್ಲ ಅಡ್ಡಕ್ಕೆ ಹೊಕ್ಕು ಹಾಕಿ ಮನೆಯ ಹೆಣ್ಣುಮಕ್ಕಳಿಗೊಂದು ಸೀರೆ ನೇಯುತ್ತಾರೆ. ಯಾವ ನೂಲು ಎಷ್ಟು ಮಿಕ್ಕಿತ್ತೋ ಅಷ್ಟೇ ಅಗಲ ಆ ಪಟ್ಟೆ. ಅಂಥ ಸೀರೆ ಇನ್ನೊಂದು ಇರುವುದಿಲ್ಲ. ನಾನೂ ಮಗ್ಗದ ಸದ್ದಿನಲ್ಲೇ ಬೆಳೆದವನು, ನಮ್ಮಮ್ಮ ಉಟ್ಟಿದ್ದೂ ಅಂಥವನ್ನೇ. ಆದರೂ ನನ್ನ ಹಾಳು ತಲೆಗೆ ಮುಖ ಮುಚ್ಚುವುದೊಂದೇ ಹೊಳೆದಿತ್ತು.

ದೊಡ್ಡಪ್ಪನನ್ನು ಒಳಗೆ ಕೂರಿಸಿ ಕಣ್ಣೊರೆಸಿಕೊಳ್ಳಲು ಟವೆಲ್ ಕೊಟ್ಟೆ. ತಿರುಗಿ ನೋಡುವಷ್ಟರಲ್ಲಿ ಸುರೇಂದ್ರನೂ ಇಲ್ಲ, ಬೈಕೂ ಇಲ್ಲ. ಫೋಟೋದ ಕೆಳಗೆ ನಾನೇ ಬರೆದಿದ್ದ ಊರಿನ ಹೆಸರನ್ನು ಅವನೂ ಓದಿದ್ದ.

ಪೊಲೀಸರಿಗೆ ಫೋನ್ ಮಾಡಬಹುದಿತ್ತು. ಮಾಡಿದರೆ ನನ್ನ ಫೋಟೋ ವಿಷಯ ಹೊರಗೆ ಬರುತ್ತದೆ ಎಂದು ಹೆದರಿದೆ. ನಾನೇ ಹೋಗಿ ಅವನನ್ನು ತಡೆಯುತ್ತೇನೆ ಅನ್ನುವ ಸೊಕ್ಕೂ ಇತ್ತು. ಕತ್ತಿನಲ್ಲಿದ್ದ ಕ್ಯಾಮೆರಾವನ್ನೂ ತೆಗೆದಿಡದೆ ಬೈಕ್ ಹತ್ತಿದೆ. ಎರಡು ಗಂಟೆಯ ದಾರಿಯುದ್ದಕ್ಕೂ ಅವನು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಬಸ್‌ಸ್ಟ್ಯಾಂಡಿಗೆ ತಿರುಗಿದಾಗ ಅಂಜಿ ಜೀಪಿನ ಮೇಲೆ ನಿಂತು ಮೂಟೆಗಳಿಗೆ ಹಗ್ಗ ಬಿಗಿಯುತ್ತಿದ್ದ. ಬನಶ್ರೀ ಕೆಳಗೆ ನಿಂತು ಅವನಿಗೆ ಊಟದ ಡಬ್ಬಿ ತೋರಿಸುತ್ತಿದ್ದಳು. ಇಬ್ಬರೂ ಬದುಕಿದ್ದರು. ಬದುಕಿದ್ದಾರೆ ಎಂದು ನಾನು ಉಸಿರು ಬಿಡುವುದಕ್ಕೂ, ಬಸ್ಸಿನ ಮರೆಯಿಂದ ಸುರೇಂದ್ರ ಮಚ್ಚಿನೊಂದಿಗೆ ಬಂದು ಅಂಜಿಯ ಕಾಲು ಹಿಡಿದು ಎಳೆಯುವುದಕ್ಕೂ ಸರಿಹೋಯಿತು.

ಅಂಜಿ ಬೆನ್ನಡಿಯಾಗಿ ನೆಲಕ್ಕೆ ಬಿದ್ದ. ಮೊದಲ ಏಟು ಭುಜಕ್ಕೆ. ಮಚ್ಚು ಮೂಳೆಯಲ್ಲಿ ಸಿಕ್ಕಿಕೊಂಡಿತು, ಸುರೇಂದ್ರ ಅವನ ಎದೆಯ ಮೇಲೆ ಕಾಲಿಟ್ಟು ಕಿತ್ತುಕೊಂಡ. ಎರಡನೆಯದು ಕತ್ತಿಗೆ. ಜನ ಓಡಿದರು. ಬನಶ್ರೀ ಓಡಲಿಲ್ಲ, ಮೂರನೆಯ ಏಟಿಗೆ ಎತ್ತಿದ ಮಚ್ಚನ್ನು ಬರಿಗೈಯಲ್ಲಿ ಹಿಡಿದಳು. ಅವಳ ಮೊಣಕೈವರೆಗೂ ರಕ್ತ ಹರಿಯಿತು, ಆದರೂ ಬಿಡಲಿಲ್ಲ. ಸುರೇಂದ್ರ ಇನ್ನೊಂದು ಕೈಯಲ್ಲಿ ಅವಳ ಜುಟ್ಟು ಹಿಡಿದು ತಲೆಯನ್ನು ಜೀಪಿನ ಬಾಗಿಲಿಗೆ ಚಚ್ಚಿದ.

ಅಷ್ಟರಲ್ಲಿ ನಾನು ತಲುಪಿದೆ. ಪಟ್ಟಿ ಹಿಡಿದು ಕ್ಯಾಮೆರಾ ಬೀಸಿದೆ. ಅದು ಅವನ ಕಿವಿಯ ಮೇಲೆ ಬಿತ್ತು, ಅವನು ಕುಸಿದ, ಮಚ್ಚು ದೂರ ಹೋಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಅವನ ಮೇಲೆ ಕೂತು ಕ್ಯಾಮೆರಾದಿಂದಲೇ ಮುಖಕ್ಕೆ ಹೊಡೆದೆ, ಹಲ್ಲು ಉದುರಿದರೂ ಹೊಡೆದೆ, ಲೆನ್ಸಿನ ಒಡೆದ ಗಾಜು ನನ್ನ ಕೈಗೇ ಚುಚ್ಚಿದರೂ ಹೊಡೆದೆ. ನಿಜ ಹೇಳಬೇಕೆಂದರೆ ಅವನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚಿತ್ತು. ಕೊನೆಗೆ ನಾರಮ್ಮ ನನ್ನ ಅಂಗಿ ಹಿಡಿದು ಎಳೆದಳು.

"ಚಾಲುರಾ, ಸಾಕು ಬಿಡ್ಲಾ. ಅವ್ನನ್ನ ಕೊಂದ್ರೆ ಈ ಹುಡ್ಗ ಎದ್ ಕೂತ್ಕಂತಾನಾ? ಮೊದ್ಲು ಇವ್ನನ್ನ ಎತ್ತು."

ಸುರೇಂದ್ರನನ್ನು ಜನ ಹಿಡಿದುಕೊಂಡರು. ಇನ್ನೊಬ್ಬ ಡ್ರೈವರ್ ಅಂಜಿಯದೇ ಜೀಪನ್ನು ದೊಡ್ಡಾಸ್ಪತ್ರೆಗೆ ಓಡಿಸಿದ. ಬನಶ್ರೀ ಅಂಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕತ್ತಿಗೆ ಸೆರಗು ಒತ್ತಿ ಹಿಡಿದಿದ್ದಳು. ನಾನು ಅವನ ಕಾಲು ಹಿಡಿದು ಕೂತಿದ್ದೆ. ಅರ್ಧ ದಾರಿಯಲ್ಲಿ ಕಾಲು ಭಾರವಾಯಿತು. ಅವಳಿಗೂ ತಿಳಿದಿತ್ತು ಅನ್ನಿಸುತ್ತದೆ, ಆದರೆ ಆಸ್ಪತ್ರೆ ಬರುವವರೆಗೂ ಒತ್ತುವುದನ್ನು ನಿಲ್ಲಿಸಲಿಲ್ಲ.

ಅವಳ ಅಂಗೈಗೆ ಹದಿನಾಲ್ಕು ಹೊಲಿಗೆ ಹಾಕಿದರು. ಹೊರಗಿನ ಬೇವಿನ ಮರದ ಕೆಳಗೆ, ಅಣ್ಣನಿಗೆ ನಮ್ಮ ಜಾಗ ಹೇಗೆ ತಿಳಿಯಿತು ಎಂದು ಕೇಳಿದಳು. ಸುಳ್ಳು ಹೇಳುವ ಶಕ್ತಿ ನನಗಿರಲಿಲ್ಲ. ಗೂಳಿ, ನಾರಮ್ಮ, ಗಾಜಿನ ಬಾಗಿಲು, ದೊಡ್ಡಪ್ಪನ ಬೆರಳು ಎಲ್ಲ ಹೇಳಿದೆ. ಮುಖ ಮಸುಕು ಮಾಡಿದ್ದೆ ಎಂದು ಎರಡು ಸಲ ಹೇಳಿದೆ.

"ನಾನೇ ಅಂತ ನಿನ್ಗೆ ಗೊತ್ತಿತ್ತಲ್ಲಣ್ಣ, ಅದ್ಕೇ ಮುಖ ಅಳಿಸ್ದೆ. ಗೊತ್ತಿದ್ದೂ ಯಾಕೆ ಹಾಕ್ದೆ?"

"ಫೋಟೋ ಚೆನ್ನಾಗಿ ಬಂದಿತ್ತು ಕಣಮ್ಮ" ಎಂದೆ.

ಹೊಲಿಗೆ ಹಾಕಿದ ಆ ಕೈಯಿಂದಲೇ ಅವಳು ನನ್ನ ಬಾಯಿಗೆ ಹೊಡೆದಳು. ತುಟಿ ಒಡೆಯಿತು, ಅವಳ ಬ್ಯಾಂಡೇಜು ಕೆಂಪಾಯಿತು. ಇನ್ನೊಂದು ಹೊಡೆಯಲಿ ಎಂದು ನಾನು ಹಾಗೇ ನಿಂತೆ. ಅಷ್ಟರಲ್ಲಿ ಹೆಣ ತೆಗೆದುಕೊಳ್ಳುವ ಕಾಗದಕ್ಕೆ ಸಹಿ ಬೇಕೆಂದು ಒಳಗಿನಿಂದ ಕೂಗಿದರು, ಅವಳು ಹೋದಳು.