ಎಡಗಾಲಿಗೆ ಕೆಲಸವಿಲ್ಲದ ಕಾರು

ಗೇರು ಮೂರಕ್ಕೆ ಇಳಿಯಿತು, ನನ್ನನ್ನು ಒಂದು ಮಾತು ಕೇಳದೆ, ಬಟ್ಟೆಮಲ್ಲಪ್ಪದ ಊರು ದಾಟಿದ ಮೇಲಿನ ಈ ತಿರುವನ್ನು ನಾಲ್ಕರಲ್ಲೇ ಎಳೆಯಬಹುದಿತ್ತು, ನಾನಾಗಿದ್ದರೆ ಎಳೆಯುತ್ತಿದ್ದೆ, ಆದರೆ ಈ ಗೇರ್‌ಪೆಟ್ಟಿಗೆಗೆ ಅದರದೇ ಬುದ್ಧಿ, ಗಂಟಲು ಸರಿಪಡಿಸಿಕೊಂಡ ಹಾಗೆ ಒಂದು ಸದ್ದು, ಮೂರು, ತಿರುವು ಮುಗಿದ ಮೇಲೆ ಮತ್ತೆ ನಾಲ್ಕು, ಐದು — ಎದುರಿನ ಪರದೆಯಲ್ಲಿ ಅಂಕಿ ಬದಲಾಗುವುದನ್ನು ನಾನು ನೋಡುತ್ತಾ ಕೂರಬೇಕು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದವನ ಹಾಗೆ. ಇಪ್ಪತ್ತೇಳು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿದವನು ನಾನು, ಸಾಗರದಲ್ಲಿ ಸ್ಟೇರಿಂಗ್ ಹಿಡಿಯುವವರಲ್ಲಿ ಅರ್ಧ ಜನಕ್ಕೆ ಕ್ಲಚ್ಚು ಎಂದರೆ ಏನು ಎಂದು ಹೇಳಿಕೊಟ್ಟವನು, ಹತ್ತು ಜನ ಕಲಿಯಲು ಬಂದರೆ ಎಂಟು ಜನ ಎಮ್ಮೆಗಳು, ಆದರೂ ಬೈದು ಬೈದು ಅವರ ಎಡಗಾಲಿಗೆ ಬುದ್ಧಿ ಕೊಟ್ಟವನು, ಅಂಥವನು ಹನ್ನೊಂದು ದಿನದ ಹಿಂದೆ ಕೆಂಪು ಬಣ್ಣದ, ಕರಿ ಚಾವಣಿಯ, ಹುಲಿಯ ಹಾಗೆ ಹಾರುತ್ತದೆ ಎಂದು ಹೇಳಿ ಮಾರಿದ ಸ್ಪೋರ್ಟಿ ಕಾರು ಕೊಂಡೆ, ಕೊಂಡಿದ್ದು ಆಟೊಮ್ಯಾಟಿಕ್, ಎಡಗಾಲಿಗೆ ಕೆಲಸವಿಲ್ಲದ ಕಾರು, ಕ್ಲಚ್ಚು ಇರಬೇಕಾದ ಜಾಗದಲ್ಲಿ ಸುಮ್ಮನೆ ಕಾಲಿಟ್ಟುಕೊಳ್ಳಲು ಒಂದು ರಬ್ಬರಿನ ಮಣೆ. ಸಾರ್, ಈಗ ಮ್ಯಾನುವಲ್ ಯಾರೂ ತಗಳಲ್ಲ ಸಾರ್ ಎಂದಿದ್ದ ಶಿವಮೊಗ್ಗದ ಶೋರೂಮಿನ ಸಚಿನ್, ಎದೆಯ ಮೇಲೆ ಹೆಸರಿನ ಪಟ್ಟಿ, ಕೈಯಲ್ಲಿ ಟ್ಯಾಬು, ನೀನು ಏರಿನಲ್ಲಿ ಬ್ರೇಕು ಮುಟ್ಟದೆ ಬರೀ ಹಾಫ್ ಕ್ಲಚ್ಚಿನಲ್ಲಿ ಲಾರಿ ನಿಲ್ಲಿಸಿದ್ದೀಯೇನಯ್ಯ ಎಂದು ಕೇಳಬೇಕು ಎನ್ನಿಸಿತ್ತು, ಕೇಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಯಶೋಧಾ ಬಾಯಿ ಹಾಕಿದಳು, ಆಟೊಮ್ಯಾಟಿಕ್ಕೇ ಇರ್ಲಿ ರೀ, ನಂಗೆ ಅದೇ ಬೇಕು. ಸೈಕಲ್ಲು ಕೂಡ ಹತ್ತಿ ಗೊತ್ತಿಲ್ಲದ ಪ್ರೈಮರಿ ಶಾಲೆಯ ಟೀಚರು, ಅವಳಿಗೆ ಅದೇ ಬೇಕಂತೆ. ಹೆಂಡತಿ ಆಸೆಪಟ್ಟಳು, ಏನು ಮಾಡಲಿಕ್ಕಾಗುತ್ತದೆ ಎಂದು ನಾನೂ ಸಚಿನ್ ಕಡೆ ನೋಡಿ ನಕ್ಕೆ, ಊರಿನಲ್ಲಿ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ, ಎಲ್ಲರೂ ನಂಬಿದರು, ನಂಬಿದಷ್ಟೂ ಅವರ ಮೇಲೆ ತಿರಸ್ಕಾರ. ಆಟೊಮ್ಯಾಟಿಕ್ ಬೇಕೆಂದರೆ ಮೇಲಿನ ದರ್ಜೆಯನ್ನೇ ಕೊಳ್ಳಬೇಕು, ಮೇಲಿನ ದರ್ಜೆ ಎಂದರೆ ಚಾವಣಿಯಲ್ಲಿ ಗಾಜಿನ ಕಿಂಡಿ, ಬೆನ್ನಿಗೆ ಗಾಳಿ ಊದುವ ಸೀಟು, ಬಾಗಿಲಿಗೆ ಮದುವೆ ಮಂಟಪದ ಹಾಗೆ ನೇರಳೆ ದೀಪ, ಬಿಳಿ ಗೆರೆ ತುಳಿದರೆ ಪೀಂ ಎನ್ನುವ ಯಂತ್ರ — ಹೊಸನಗರದ ರಸ್ತೆಯಲ್ಲಿ ಬಿಳಿ ಗೆರೆ ಎಲ್ಲಿದೆ ಎಂದು ಅದಕ್ಕೆ ಯಾರು ಹೇಳಬೇಕು, ಅದು ಹುಡುಕುತ್ತದೆ, ಸಿಗದೆ ಸುಮ್ಮನಾಗುತ್ತದೆ. ಸ್ಟೇರಿಂಗಿನ ಹಿಂದೆ ಎರಡು ಕಿವಿಗಳಿವೆ, ಬೆರಳಿನಿಂದ ಮೀಟಿದರೆ ಗೇರು ಬೀಳುತ್ತದಂತೆ, ನಾನು ಮೀಟುತ್ತೇನೆ, ಅದು ಒಂದು ನಿಮಿಷ ನನ್ನ ಮಾತು ಕೇಳಿದ ಹಾಗೆ ಮಾಡಿ ಆಮೇಲೆ ತನ್ನ ಇಷ್ಟದ್ದೇ ಮಾಡುತ್ತದೆ, ಥೇಟು ಯಶೋಧಾಳ ಹಾಗೆ. ಅವಳು ಪಕ್ಕದಲ್ಲಿ ಕಿತ್ತಳೆ ಬಿಡಿಸುತ್ತಿದ್ದಾಳೆ, ಹೊಸ ಕಾರಿನ ವಾಸನೆ ಹೋಗಿ ಬಸ್‌ಸ್ಟ್ಯಾಂಡಿನ ವಾಸನೆ ಬಂತು. ಮ್ಯಾನುವಲ್ಲೇ ಬೇಕು ಎಂದು ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ, ಮಧ್ಯದ ದರ್ಜೆ, ಆರು ಗೇರು, ಕೈಗೆ ತಣ್ಣಗೆ ಸಿಗುವ ಲೋಹದ ಗುಬುಟು, ಎಡಗಾಲು ಇಳಿದು ಏಳುವ ಆ ಲಯ — ಹೇಳಲಿಲ್ಲ, ಯಾಕೆ ಹೇಳಲಿಲ್ಲ, ಹೆಂಡತಿಗಾಗಿ, ಹೌದು, ಹೆಂಡತಿಗಾಗಿಯೇ.

ಹೊಸನಗರದಲ್ಲಿ ಕಾಫಿಗೆ ನಿಲ್ಲಿಸಿದೆ, ಹೋಟೆಲಿನ ಎದುರು ಇದ್ದವರೆಲ್ಲ ಕಾರು ನೋಡಿದರು, ನೋಡಲಿ ಎಂದೇ ಅಲ್ಲಿ ನಿಲ್ಲಿಸಿದ್ದು, ಇಳಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಯಶೋಧಾ ಹಿಂದಿನಿಂದ, ರೀ, ಚಪ್ಲಿ, ಎಂದಳು, ನೋಡಿದರೆ ಎಡಗಾಲಿನದು ಕಾರಿನೊಳಗೇ ಉಳಿದಿದೆ, ಕಾಲಿನಡಿ ಜಲ್ಲಿ ಇತ್ತು, ಬಿಸಿಲಿಗೆ ಕಾದ ಜಲ್ಲಿ, ನನಗೆ ಗೊತ್ತೇ ಆಗಲಿಲ್ಲ. ಅವಳು ತಂದು ಕಾಲಿನ ಹತ್ತಿರ ಇಟ್ಟಳು, ಏನೂ ಕೇಳಲಿಲ್ಲ, ನಾನೇ ಹೇಳಿದೆ, ಈ ಚಪ್ಲಿ ಅಂಗಡಿಯವನು ಮೋಸಗಾರ, ಒಂದು ಅಳತೆ ದೊಡ್ಡದು ಕೊಟ್ಟಿದಾನೆ. ಹೂಂ ಎಂದಳು. ಕಾಫಿ ಕಷಾಯದ ಹಾಗಿತ್ತು. ದೀಪಾವಳಿಯಿಂದ ಹೀಗೆ, ತೊಡೆಯಿಂದ ಕೆಳಗೆ ಒಂದು ಮಂಕು, ಕಾಲಿಗೆ ಯಾರೋ ಒದ್ದೆ ಗೋಣಿ ಸುತ್ತಿದ ಹಾಗೆ, ಕೂತು ಕೂತು ಹಾಗಾಗುತ್ತದೆ, ವಯಸ್ಸು ಐವತ್ತಾರು, ಕಲಿಯುವವರ ಪಕ್ಕದ ಸೀಟಿನಲ್ಲಿ ಇಡೀ ದಿನ ಮೇಷ್ಟ್ರಿಗೆಂದೇ ಇರುವ ಎರಡನೆಯ ಕ್ಲಚ್ಚಿನ ಮೇಲೆ ಕಾಲಿಟ್ಟು ಕೂತರೆ ಯಾರಿಗಾದರೂ ಆಗುತ್ತದೆ, ಅದಕ್ಕೇ ಈಗ ಕ್ಲಾಸಿಗೆ ಕೈಕೆಳಗಿನ ವಾಸಪ್ಪನನ್ನು ಕಳಿಸುತ್ತೇನೆ, ನನಗೆ ಆಫೀಸಿನ ಕೆಲಸ ಜಾಸ್ತಿ ಎಂದಿದ್ದೇನೆ, ಆಫೀಸಿನಲ್ಲಿ ಫ್ಯಾನು ನೋಡುತ್ತಾ ಕೂರುತ್ತೇನೆ. ಡಾಕ್ಟರರ ಹತ್ತಿರ ಹೋಗಿ ಎಂದು ಯಶೋಧಾ ಒಮ್ಮೆ ಹೇಳಿದಳು, ಯಾಕೆ ಎಂದೆ, ಸುಮ್ನೆ ಎಂದಳು, ಸುಮ್ಮನೆ ಡಾಕ್ಟರ ಹತ್ತಿರ ಹೋಗುವವರು ಕೆಲಸವಿಲ್ಲದವರು ಎಂದೆ. ಈಗ ತೀರ್ಥಹಳ್ಳಿಯಲ್ಲಿರುವ ಅವಳ ಅಕ್ಕ ಮೀನಾಕ್ಷಮ್ಮನ ಮನೆಗೆ ಕಾರು ತೋರಿಸಲು ಹೋಗೋಣ ಎಂದು ಹಟ ಹಿಡಿದು ಹೊರಡಿಸಿದ್ದಾಳೆ, ಎರಡು ದಿನದ ಬಟ್ಟೆ, ಒಂದು ದೊಡ್ಡ ಬ್ಯಾಗು, ಕಾರು ತೋರಿಸಲು ಇಷ್ಟೊಂದು ಬಟ್ಟೆ ಯಾಕೆ, ಹೆಂಗಸರ ಲೆಕ್ಕ ನನಗೆ ತಿಳಿಯುವುದಿಲ್ಲ.

ಏರು ಶುರುವಾಗುವ ಕಡೆ ರಸ್ತೆ ಅಗೆದಿದ್ದರು, ಅರ್ಧ ರಸ್ತೆಗೆ ಕೆಂಪು ಪಟ್ಟಿ, ಉಳಿದರ್ಧದಲ್ಲಿ ಒಂದೇ ಗಾಡಿಗೆ ಜಾಗ, ಆ ಜಾಗದ ನಡುಮಧ್ಯೆ ಒಂದು ಹಳೆಯ ಜೀಪು ನಿಂತಿದೆ, ಹಿಂಭಾಗದ ತುಂಬ ಮದುವೆಗೆ ಬಾಡಿಗೆಗೆ ತಂದ ಹಂಡೆ, ಕೊಳಗ, ಅವುಗಳ ನಡುವೆ ಒಬ್ಬ ಹೆಂಗಸು ಎರಡೂ ಕೈಯಲ್ಲಿ ಕಂಬಿ ಹಿಡಿದು ಕೂತಿದ್ದಾಳೆ. ಎಂಜಿನ್ ಚಾಲೂ ಆಗುತ್ತದೆ, ಜೀಪು ಒಮ್ಮೆ ಕುಪ್ಪಳಿಸುತ್ತದೆ, ಸಾಯುತ್ತದೆ, ಮತ್ತೆ ಅದೇ. ಏರಿನಲ್ಲಿ ಗಾಡಿ ಎತ್ತಲು ಬಾರದವನು ಮದುವೆ ಪಾತ್ರೆ ಹೊತ್ತು ಯಾಕೆ ಬರಬೇಕು, ನಾನು ಹಾರನ್ ಹೊಡೆದೆ, ಸ್ಪೋರ್ಟಿ ಕಾರಿಗೆ ಕೋಳಿಮರಿಯಂಥ ಹಾರನ್ನು. ಸುಮ್ನಿರಿ ಮಾರಾಯ್ರೆ, ಪಾಪ ವಯಸ್ಸಾದವ್ರು ಎಂದಳು ಯಶೋಧಾ. ಆ ವಯಸ್ಸಾದವರು ಜೀಪಿನಿಂದ ಕತ್ತು ಹೊರಹಾಕಿ ಹಿಂದೆ ನೋಡಿದರು, ನೋಡಿದವರೇ, ಓ, ಸಾಗರದ ಡ್ರೈವಿಂಗ್ ಮೇಷ್ಟ್ರಲ್ವ, ನಾನು ಜಟ್ಟಿಂಗಪ್ಪ, ನನ್ನ ಮಗ ನಿಮ್ಮಲ್ಲೇ ಕಲ್ತಿದ್ದು, ಒಂಚೂರು ಹತ್ತಿಸ್ಕೊಡಿ ಸಾರ್, ಇದ್ಯಾಕೋ ನನ್ನ ಮಾತು ಕೇಳ್ತಿಲ್ಲ. ಕೇಳುವುದಿಲ್ಲ, ನಿಮ್ಮಂಥವರ ಮಾತನ್ನು ಯಾವ ಗಾಡಿ ಕೇಳುತ್ತದೆ ಎಂದುಕೊಂಡೆ, ಹಿಗ್ಗೂ ಆಯಿತು, ಸುಳ್ಳು ಯಾಕೆ, ಹಿಂದೆ ಆಗಲೇ ಬಸ್ಸು ಬಂದು ನಿಂತಿತ್ತು, ಕಿಟಕಿಯಿಂದ ಜನ ನೋಡುತ್ತಿದ್ದರು. ಬೇಡ ಎಂದು ಯಶೋಧಾ ನನ್ನ ತೋಳು ಹಿಡಿದಳು, ರೀ, ನೀವು ಹೋಗ್ಬೇಡಿ, ಬಸ್ಸಿನ ಡ್ರೈವರಿಗೆ ಹೇಳಿ. ತೋಳು ಬಿಡಿಸಿಕೊಂಡೆ. ಜಟ್ಟಿಂಗಪ್ಪ ಬ್ರೇಕು ಒತ್ತಿ ಹಿಡಿದೇ ಪಕ್ಕಕ್ಕೆ ಸರಿದರು, ನಾನು ಹತ್ತಿ ಬ್ರೇಕಿನ ಮೇಲೆ ಬಲಗಾಲಿಟ್ಟೆ, ಹ್ಯಾಂಡ್‌ಬ್ರೇಕು ಹೆಸರಿಗೆ ಮಾತ್ರ ಸಾರ್ ಎಂದರು. ಗೇರಿನ ಗುಬುಟು ಅಂಗೈಗೆ ಸಿಕ್ಕಿತು, ಎಣ್ಣೆ, ಡೀಸೆಲ್ಲು, ಹಳೆಯ ಕ್ಯಾನ್ವಾಸಿನ ವಾಸನೆ, ಎಷ್ಟು ದಿನವಾಗಿತ್ತು, ಮಂಡಿಯ ಮೇಲೆ ಕೈ ಊರಿ ಎಡಗಾಲನ್ನು ಕೆಳಗೆ ತಳ್ಳಿದೆ, ಯಾರೂ ನೋಡಲಿಲ್ಲ ಅಂದುಕೊಂಡೆ, ಕ್ಲಚ್ಚು ಇಳಿಯಿತು, ಒಂದನೇ ಗೇರು, ಎಂಜಿನ್ ಗುರುಗುಟ್ಟಿತು, ಇನ್ನು ಇಷ್ಟೇ, ಎಡಗಾಲು ಅರ್ಧ ಏಳಬೇಕು, ಬಲಗಾಲು ಬ್ರೇಕಿನಿಂದ ಆಕ್ಸಿಲರೇಟರಿಗೆ, ಸಾವಿರಾರು ಸಲ ಹೇಳಿದ್ದು, ಲಕ್ಷ ಸಲ ಮಾಡಿದ್ದು. ಬಲಗಾಲು ಹೋಯಿತು. ಏಳು ಎಂದೆ ಎಡಗಾಲಿಗೆ. ಏಳಲಿಲ್ಲ. ಅದು ಅಲ್ಲಿದೆ, ಕಾಣುತ್ತಿದೆ, ನನ್ನದೇ ಪ್ಯಾಂಟಿನೊಳಗೆ, ಆದರೆ ನನ್ನ ಮಾತು ಅಲ್ಲಿಗೆ ಮುಟ್ಟುತ್ತಿಲ್ಲ, ಎಂಜಿನ್ ಸುಮ್ಮನೆ ಅರಚುತ್ತಿದೆ, ಜೀಪು ಹಿಂದಕ್ಕೆ ಜಾರುತ್ತಿದೆ, ಹಂಡೆಗಳೆಲ್ಲ ಒಟ್ಟಿಗೆ ಢಣಲ್ ಎಂದವು, ಆ ಹೆಂಗಸು ಅಯ್ಯೋ ಎಂದಳು, ಪುಷ್ಪಾ ಗಟ್ಟಿ ಹಿಡ್ಕ ಎಂದು ಜಟ್ಟಿಂಗಪ್ಪ ಕೂಗಿದರು, ಕನ್ನಡಿಯಲ್ಲಿ ನನ್ನ ಕೆಂಪು ಕಾರು ದೊಡ್ಡದಾಗುತ್ತಾ ಬಂತು, ಅದರ ಗಾಜಿನ ಹಿಂದೆ ಯಶೋಧಾ, ಕೈಯಲ್ಲಿ ಇನ್ನೂ ಕಿತ್ತಳೆ ಸಿಪ್ಪೆ, ಅವಳು ಇಳಿಯಲು ಹೊರಟಿಲ್ಲ, ಸುಮ್ಮನೆ ನನ್ನನ್ನೇ ನೋಡುತ್ತಿದ್ದಾಳೆ — ಧಡ್. ಜೀಪು ನಿಂತಿತು. ಬಲಗಾಲು ಅಷ್ಟರಲ್ಲಿ ಹೇಗೋ ಬ್ರೇಕು ಹುಡುಕಿಕೊಂಡಿತ್ತು, ಆದರೆ ನಿಲ್ಲಿಸಿದ್ದು ಅದಲ್ಲ, ಹಿಂದಿನ ಚಕ್ರಕ್ಕೆ ಯಾರೋ ಅಡ್ಡ ಕಲ್ಲು ಕೊಟ್ಟಿದ್ದರು. ನನ್ನ ಕಾರಿನ ಮೂತಿಗೂ ಜೀಪಿಗೂ ನಡುವೆ ಒಂದು ಮೊಳ ಉಳಿದಿತ್ತು.

ಕಲ್ಲು ಕೊಟ್ಟವಳು ಕೈ ಝಾಡಿಸಿಕೊಳ್ಳುತ್ತಾ ಪಕ್ಕಕ್ಕೆ ಬಂದಳು, ಖಾಕಿ ಅಂಗಿ, ಕೆಳಗೆ ಸೀರೆ, ಏರಿನ ಮೇಲ್ಗಡೆ ಅವಳ ಪಂಚಾಯ್ತಿ ಕಸದ ಗಾಡಿ ಇಳಿಯಲು ಕಾದು ನಿಂತಿತ್ತು, ಮೇಷ್ಟ್ರೇ, ಗುರ್ತು ಸಿಗ್ಲಿಲ್ವ, ನಾನು ಹುಲಿಗೆಮ್ಮ, ಎಂದಳು. ಸಿಕ್ಕಿತು. ನಾಲ್ಕು ವರ್ಷದ ಹಿಂದೆ ಕಸದ ಗಾಡಿ ಓಡಿಸಲು ಕಲಿಸಿ ಎಂದು ಪಂಚಾಯ್ತಿಯವರು ಹನ್ನೆರಡು ಹೆಂಗಸರನ್ನು ಕಳಿಸಿದ್ದರು, ಗಾರೆ ಕೆಲಸಕ್ಕೆ ಹೋಗುತ್ತಿದ್ದವಳು ಇವಳು, ಮೂವತ್ತು ದಿನದ ತರಬೇತಿ, ನಾನು ಹದಿನೈದೇ ದಿನಕ್ಕೆ ಮುಗಿಸಿದ್ದೆ, ಕಸ ಹೊರುವುದಕ್ಕೆ ಇಷ್ಟು ಸಾಕು ಎಂದು ಅವರೆದುರೇ ಹೇಳಿದ್ದೆ, ಏರಿನಲ್ಲಿ ಗಾಡಿ ಎತ್ತುವುದನ್ನು ಹೇಳಿಕೊಡಲೇ ಇಲ್ಲ, ಆಟದ ಮೈದಾನದಲ್ಲಿ ನಾಲ್ಕು ಸುತ್ತು ಹಾಕಿಸಿ ಕಳಿಸಿದ್ದೆ. ಒಂಚೂರು ಇಳೀರಿ ಸಾರ್, ನಾನು ನೋಡ್ತೀನಿ ಎಂದಳು. ಇಳಿದೆ, ಇಳಿದೆ ಎಂದರೆ ಎಡಗಾಲನ್ನು ಕೈಯಿಂದ ಎತ್ತಿ ಹೊರಗಿಟ್ಟೆ, ಅವಳು ಅದನ್ನು ನೋಡಿದಳು, ನೋಡಿ ತಿರುಗಿ ಜಟ್ಟಿಂಗಪ್ಪನಿಗೆ, ಬಸ್ಸಿನವರಿಗೆಲ್ಲ ಕೇಳುವ ಹಾಗೆ, ಎಂತ ಅಣ್ಣ, ಕ್ಲಚ್ಚು ಕಚ್ಕೊಂಡಿರೋ ಜೀಪು ಕೊಟ್ರೆ ಮೇಷ್ಟ್ರಾದ್ರೂ ಏನು ಮಾಡ್ತಾರೆ ಎಂದಳು. ಕಚ್ಚಿಕೊಂಡಿರಲಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು, ಜಟ್ಟಿಂಗಪ್ಪನಿಗೂ ಗೊತ್ತಿರಬೇಕು, ಹೌದಮ್ಮ, ಹಳೇ ಗಾಡಿ ಎಂದು ತಲೆ ತಗ್ಗಿಸಿದರು. ನನ್ನನ್ನು ಕಾಪಾಡಲು ಕಸದ ಗಾಡಿಯವಳು ಸುಳ್ಳು ಹೇಳಬೇಕಾಯಿತು, ಅದಕ್ಕೊಬ್ಬ ಗಾಡಿ ಎತ್ತಲು ಬಾರದವನು ಸಾಕ್ಷಿ. ಅವಳು ಚಪ್ಪಲಿಗಳನ್ನು ರಸ್ತೆಯಲ್ಲೇ ಕಳಚಿಟ್ಟು ಬರಿಗಾಲಿನಲ್ಲಿ ಹತ್ತಿದಳು, ಜೀಪಿಗೆ ಬಾಗಿಲಿರಲಿಲ್ಲ, ನಾನು ಪಕ್ಕದಲ್ಲೇ ಕಂಬಿ ಹಿಡಿದು ನಿಂತಿದ್ದೆ, ಅವಳ ಎಡಗಾಲು ನನ್ನ ಕಣ್ಣೆದುರು, ಒಡೆದ ಹಿಮ್ಮಡಿ, ಕಾಲುಂಗುರ, ಗಾರೆ ಕೆಲಸದ ಸಿಮೆಂಟಿಗೆ ಬೂದಿಬಣ್ಣಕ್ಕೆ ತಿರುಗಿದ ಉಗುರು, ಹಿಮ್ಮಡಿಯನ್ನು ನೆಲಕ್ಕೆ ಊರಿ ಕ್ಲಚ್ಚಿನ ಮೇಲಿನ ಬೆರಳುಗಳನ್ನು ಮಾತ್ರ ಮೇಲಕ್ಕೆ ಬಿಟ್ಟಳು, ಅವಸರವಿಲ್ಲದೆ, ಎಂಜಿನ್ನಿನ ಸದ್ದು ತಗ್ಗಿ ಗಾಡಿಯ ಮೂತಿ ಒಂದಿಷ್ಟು ಎದ್ದಿತು, ಅಲ್ಲಿ ನಿಲ್ಲಿಸಿದಳು, ಆ ಕಾಲು ಅಲುಗಲಿಲ್ಲ, ಆಮೇಲೆ ಇನ್ನೊಂದಿಷ್ಟು, ಜೀಪು ನಯವಾಗಿ ಹತ್ತಿಕೊಂಡು ಹೋಯಿತು, ಒಂದು ಹಂಡೆಯೂ ಸದ್ದು ಮಾಡಲಿಲ್ಲ. ಮೇಲೆ ನಿಲ್ಲಿಸಿ ಚಪ್ಪಲಿಗಾಗಿ ಬರಿಗಾಲಿನಲ್ಲಿ ಇಳಿದು ಬಂದಳು. ಇದನ್ನ ಎಲ್ಲಿ ಕಲ್ತೆ ಎಂದು ಕೇಳಿಬಿಟ್ಟೆ. ಇಲ್ಲೇ ಸಾರ್, ಈ ಏರಲ್ಲೇ, ಮೊದಲ್ನೇ ವಾರ ಎಲ್ರೂ ಬೈದ್ರು, ಆಮೇಲೆ ಬಂತು ಎಂದಳು, ಕುಹಕವಿಲ್ಲ, ಕುಹಕ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಹುಷಾರು ಸಾರ್, ಬರ್ತೀನಿ.

ಕಾರು ತಾನೇ ಏರಿತು, ಒಂದು, ಎರಡು, ಹಿಂದೆ ಜಾರಲಿಲ್ಲ, ಅದಕ್ಕೊಂದು ಆಪ್ಷನ್ ಇದೆಯಂತೆ, ಏರಿನಲ್ಲಿ ಹಿಡಿದುಕೊಳ್ಳುವುದು, ಸಚಿನ್ ಹೇಳಿದ್ದ, ಆಗ ನಾನು ನಕ್ಕಿದ್ದೆ. ಏರು ಮುಗಿಯಿತು. ಆಮೇಲೆ ಯಶೋಧಾ ಕಿಟಕಿಯ ಕಡೆ ನೋಡುತ್ತಲೇ, ನಂಗೊತ್ತಿತ್ತು ಎಂದಳು. ಎಂತ ಗೊತ್ತಿತ್ತು ಎಂದೆ. ನಿಮ್ಮ ಎಡಗಾಲಿನ ಚಪ್ಲಿ ಮುಂದೆ ಮಾತ್ರ ಸವೀತದೆ, ಎಳ್ಕೊಂಡು ನಡೀತೀರಿ, ಕಾರ್ತೀಕದಿಂದ ನೋಡ್ತಿದೀನಿ. ಅವಳು ಶಾಲೆಯಲ್ಲಿ ಮಕ್ಕಳಿಗೆ ಹೇಳುವ ಹಾಗೆ ಒಂದೊಂದೇ ಮಾತು ಹೇಳಿದಳು, ಮ್ಯಾನುವಲ್ ತಗೊಂಡಿದ್ರೆ ನೀವು ಓಡಿಸೋದು ಬಿಡ್ತಿರ್ಲಿಲ್ಲ, ಕಾಲಾಗಲ್ಲ ಅಂತ ಬಾಯಿಬಿಟ್ಟು ಹೇಳ್ತಿರ್ಲಿಲ್ಲ, ಎಲ್ಲಾದ್ರೂ ಹೋಗಿ ಬೀಳ್ತಿದ್ರಿ, ಅದಕ್ಕೆ ನಂಗೆ ಬೇಕು ಅಂದೆ, ನೆಪ ನನ್ನ ಹೆಸರಿಗೆ ಇರ್ಲಿ ಅಂತ. ನಾನಂತೂ ಕಲ್ತಿಲ್ಲ, ಊರಿಗೆಲ್ಲ ಕಲ್ಸಿದವ್ರು ನಂಗೆ ಕಲ್ಸಿಲ್ಲ. ಪೀಂ ಎಂದಿತು ಕಾರು, ಎಲ್ಲಿಂದಲೋ ಒಂದು ಬಿಳಿ ಗೆರೆ ಬಂದಿತ್ತು, ನಾನು ತುಳಿದಿದ್ದೆ. ಅಕ್ಕನ ಮನೆಗೆ ಬರೀ ಊಟಕ್ಕೆ, ರಾತ್ರಿ ಮಲಗಕ್ಕೆ, ಎಂದಳು ಯಶೋಧಾ, ನಾಳೆ ಬೆಳಿಗ್ಗೆ ಆಗುಂಬೆ ಘಟ್ಟ ಇಳಿದು ಕೆಳಗೆ ದೊಡ್ಡಾಸ್ಪತ್ರೆಗೆ, ಹೆಸ್ರು ಬರ್ಸಿದೀನಿ, ನರದ ಡಾಕ್ಟ್ರು, ಬೇಡ ಅಂದ್ರೆ ನಾನು ಬಸ್ಸಲ್ಲಿ ಸಾಗರಕ್ಕೆ ವಾಪಸ್ ಹೋಗ್ತೀನಿ, ನೀವು ಈ ಕಾರು ಇಟ್ಕೊಂಡು ಎಲ್ಲಾದ್ರೂ ಹೋಗಿ.

ಹೋಗೋಣ ಎಂದೆ. ಇಷ್ಟೇ ಹೇಳಿದ್ದು, ಅವಳು ಕಿತ್ತಳೆಯ ಎರಡು ತೊಳೆ ನನ್ನ ಅಂಗೈಗೆ ಇಟ್ಟಳು, ತಿಂದೆ, ಹುಳಿ. ತೀರ್ಥಹಳ್ಳಿ ಸಮೀಪಿಸಿತು, ಗಾಡಿಗಳು ಜಾಸ್ತಿಯಾದವು, ಎದುರಿನ ಸ್ಕೂಟರಿನವನು ಕೈ ತೋರಿಸದೆ ತಿರುಗಿದ, ಕತ್ತೆ, ಯಾರು ಕಲಿಸಿದರೋ ಇವನಿಗೆ, ನಾನೇ ಕಲಿಸಿರಬಹುದು, ಹದಿನೈದು ದಿನಕ್ಕೆ ಮುಗಿಸಿ, ನನ್ನ ಮುಂದೆ ನಿಂತ ಲಾರಿಯವನಿಗೆ ಗೇರು ಯಾವಾಗ ಹಾಕಬೇಕೆಂದು ಗೊತ್ತಿಲ್ಲ, ಮೀನಾಕ್ಷಮ್ಮ ಬಾಗಿಲಲ್ಲೇ ಕಾರು ನೋಡಿ ಹುಬ್ಬೇರಿಸುತ್ತಾಳೆ, ಏನೆಂದು ಹೇಳುವುದು, ಹೆಂಡತಿ ಆಸೆಪಟ್ಟಳು ಎನ್ನಲೇ, ಇನ್ನೂ ಹಾಗೇ ಎನ್ನಲೇ, ನಾಳೆ ಆ ಡಾಕ್ಟರು ಸುತ್ತಿಗೆಯಿಂದ ಮಂಡಿಗೆ ತಟ್ಟಿ ಕಾಲೆತ್ತಿ ನೋಡೋಣ ಎನ್ನುತ್ತಾನೆ, ಎತ್ತುತ್ತೇನೆ, ಎತ್ತಿಯೇ ತೋರಿಸುತ್ತೇನೆ, ಏಳದಿದ್ದರೆ, ಏಳದಿದ್ದರೆ ಆಗುಂಬೆಯ ಆ ತಿರುವುಗಳನ್ನು ಈ ಗೇರ್‌ಪೆಟ್ಟಿಗೆಯೇ ಮತ್ತೆ ಹತ್ತಿಸುತ್ತದೆ, ನಾನು ಕೂತಿರುತ್ತೇನೆ, ಮ್ಯಾನುವಲ್ಲು ಕೊಂಡಿದ್ದರೆ, ಆರು ಗೇರು, ಲೋಹದ ಗುಬುಟು, ಎಡಗಾಲು ಇಳಿದು — ಹುಲಿಗೆಮ್ಮನ ಬರಿಗಾಲು, ಒಡೆದ ಹಿಮ್ಮಡಿ ಊರಿದೆ, ಕಾಲುಂಗುರಕ್ಕೆ ಬಿಸಿಲು ಬಿದ್ದಿದೆ, ಲಾರಿ ಮುಂದೆ ಹೋಯಿತು, ನಾನೂ ಮುಂದೆ ಹೋಗಬೇಕು, ಹಿಂದಿನವನು ಹಾರನ್ ಹೊಡೆಯುತ್ತಿದ್ದಾನೆ, ಬೆರಳುಗಳು ಒಂದು ಕೂದಲೆಳೆಯಷ್ಟು ಮೇಲೆ, ರೀ ಎನ್ನುತ್ತಿದ್ದಾಳೆ ಯಶೋಧಾ, ಆ ಕಾಲು ಅಲ್ಲಿ ನಿಂತಿದೆ, ಅಲುಗದೆ, ಆಮೇಲೆ ಇನ್ನೊಂದು ಕೂದಲೆಳೆಯಷ್ಟು