ಒಬ್ಬಳ ಬ್ಯಾಚು

“ಆ ಹುಡುಗಿಯನ್ನ ಒಪ್ಪಿಸೋದು ನಿಮ್ಮ ಜವಾಬ್ದಾರಿ ಮೇಡಂ” ಎಂದು ಪ್ರಿನ್ಸಿಪಾಲರು ಪರದೆಯ ಕಡೆ ಕೈ ತೋರಿಸಿದರು. ಪರದೆಯ ಮೇಲೆ ಕಾಲೇಜಿನ ಒಂದೊಂದು ವಿಭಾಗಕ್ಕೂ ಒಂದೊಂದು ಬಣ್ಣದ ಗೆರೆ. ಇಷ್ಟು ವರ್ಷಗಳಲ್ಲಿ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಪದವಿ ಪಡೆದು ಹೊರಬಿದ್ದರು ಎಂಬ ಲೆಕ್ಕ. ಕಂಪ್ಯೂಟರ್ ವಿಭಾಗದ ನೀಲಿ ಗೆರೆ ಮಹಡಿ ಮೆಟ್ಟಿಲು ಹತ್ತುವಂತೆ ಏರುತ್ತಲೇ ಹೋಗಿತ್ತು. ಪಿಂಗಾಣಿ ಇಂಜಿನಿಯರಿಂಗ್‌ನ ಕೆಂಪು ಗೆರೆ ಮಕ್ಕಳ ಜಾರುಬಂಡೆಯಂತೆ ಇಳಿದಿಳಿದು ನೆಲ ಮುಟ್ಟುವುದರಲ್ಲಿತ್ತು. ಪೂರ್ತಿ ಮುಟ್ಟಿರಲಿಲ್ಲ, ಕೂದಲೆಳೆಯಷ್ಟು ಮೇಲಿತ್ತು. ಆ ಕೂದಲೆಳೆಯೇ ಆ ಹುಡುಗಿ.

ಮುಂದಿನ ವರ್ಷದಿಂದ ಪಿಂಗಾಣಿಗೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ ಎಂದು ಆಗಲೇ ತೀರ್ಮಾನವಾಗಿತ್ತು. ಮೇಲಿನ ತರಗತಿಗಳು ಆಗಲೇ ಖಾಲಿ, ಈ ವರ್ಷ ಸೇರಿದ ಒಬ್ಬಳನ್ನು ಕಂಪ್ಯೂಟರ್‌ಗೆ ವರ್ಗಾಯಿಸಿಬಿಟ್ಟರೆ ವಿಭಾಗವನ್ನು ಈಗಲೇ ಮುಚ್ಚಬಹುದು. ಹುಡುಗಿ ತಾನಾಗಿ ಒಪ್ಪಬೇಕಷ್ಟೆ.

ವಿಭಾಗದ ಮುಖ್ಯಸ್ಥೆಯನ್ನು ಕಾಲೇಜಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಭಟ್ಟಿ ಮೇಡಂ ಎಂದು. ಸದಾ ಭಟ್ಟಿಯ ಮುಂದೆ ಇರುತ್ತಾರೆ ಅದಕ್ಕೆ ಎನ್ನುವವರಿದ್ದರು, ಅವರ ಸಿಟ್ಟಿಗೆ ಇಟ್ಟ ಹೆಸರು ಎನ್ನುವವರೂ ಇದ್ದರು. ಅವರು ಓದುವ ಕಾಲಕ್ಕೆ ಈ ವಿಭಾಗದಲ್ಲಿ ಸೀಟು ಸಿಕ್ಕರೆ ಮನೆಯವರು ನೆಂಟರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಆಮೇಲೆ ಎಲೆಕ್ಟ್ರಾನಿಕ್ಸ್ ಬಂತು, ಅದರ ಬೆನ್ನಿಗೆ ಕಂಪ್ಯೂಟರ್ ಬಂತು, ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಯಾರನ್ನು ದೂರುವುದು? ಅವರ ಸ್ವಂತ ತಂಗಿಯ ಮಗಳೇ “ಪಿಂಗಾಣಿ ಅಂದ್ರೆ ತಟ್ಟೆ ಲೋಟ ಮಾಡೋದಾ ದೊಡ್ಡಮ್ಮ?” ಎಂದು ಕೇಳಿ ನೀಲಿ ಗೆರೆಯ ಕಡೆ ಹೋಗಿದ್ದಳು.

ಮೇಡಂ ತರಗತಿಗೆ ಹೋದಾಗ ಹುಡುಗಿ ಮೊದಲ ಬೆಂಚಿನಲ್ಲಿ ಕೂತಿದ್ದಳು. ಉದ್ದ ಕೈಕಾಲು, ಗಿಡ್ಡ ಜಡೆ. ಮೇಡಂ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಕಂಪ್ಯೂಟರ್‌ನಲ್ಲಿ ಸೀಟು ಕೊಡುತ್ತಾರೆ, ಕೆಲಸ ಬೇಗ ಸಿಗುತ್ತದೆ, ಇಲ್ಲಿ ಮಾತಾಡಲು ಒಬ್ಬ ಸಹಪಾಠಿಯೂ ಇರುವುದಿಲ್ಲ ಎಂದರು. ಇಷ್ಟು ಚೆನ್ನಾಗಿ ವಾದಿಸಿದ್ದಕ್ಕೆ ಅವರಿಗೆ ತಮ್ಮ ಮೇಲೆಯೇ ಕೋಪ ಬಂತು.

ಹುಡುಗಿ ತನ್ನ ಅಪ್ಪನ ವಿಷಯ ಹೇಳಿದಳು. ಅವರು ಲೈನ್‌ಮನ್. ಒಮ್ಮೆ ಕಂಬದಿಂದ ಇಳಿಸಿದ ಒಡಕು ಪಿಂಗಾಣಿ ಇನ್ಸುಲೇಟರ್ ಒಂದನ್ನು ಮನೆಗೆ ತಂದಿದ್ದರು. ಅಷ್ಟು ದೊಡ್ಡ ಕರೆಂಟನ್ನು ಈ ಮಣ್ಣಿನ ಮುದ್ದೆ ಹೇಗೆ ತಡೆಯುತ್ತದೆ ಎಂದು ಅವಳು ಮನೆಯಲ್ಲಿ ಕೇಳಿದಳು, ಶಾಲೆಯಲ್ಲಿ ಕೇಳಿದಳು. ಯಾರ ಉತ್ತರವೂ ಮನಸ್ಸಿಗೆ ಒಪ್ಪಲಿಲ್ಲ.

“ಅದನ್ನ ತಿಳ್ಕೊಳ್ಳೋಕೆ ಬಂದೆ ಮೇಡಂ. ನೀವು ಹೇಳಿಕೊಡಲ್ಲ ಅಂದ್ರೆ ಹೋಗ್ತೀನಿ.”

ಮೇಡಂ ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿನ ಕಡೆ ತಿರುಗಿದರು. ಅಂದಿನ ಪಾಠ ಊಟದ ಹೊತ್ತು ಮೀರಿ ನಡೆಯಿತು.

ಸಭೆ ನಡೆಯಲು ಇಷ್ಟು ಮಂದಿ ಇರಲೇಬೇಕು ಎನ್ನುತ್ತಾರಲ್ಲ, ಆ ಕೋರಂ ಎಂದು ಕಾಲೇಜಿನವರು ಅವಳಿಗೆ ಹೆಸರಿಟ್ಟರು. ಅವಳು ಬಂದರೆ ತರಗತಿ, ಬರದಿದ್ದರೆ ರಜೆ. ಅವಳಿಗೆ ಜ್ವರ ಬಂದರೆ ಇಡೀ ವಿಭಾಗವೇ ಮಲಗುತ್ತಿತ್ತು. ಪರೀಕ್ಷೆಯಲ್ಲಿ ಮೊದಲನೆಯವಳೂ ಅವಳೇ, ಕೊನೆಯವಳೂ ಅವಳೇ. ಎಲ್ಲರಿಗಿಂತ ಹೆಚ್ಚು ಕಷ್ಟಕ್ಕೆ ಬಂದದ್ದು ಗಾಜಿನ ವಿಷಯ ಕಲಿಸುವ ಮೇಷ್ಟ್ರಿಗೆ. ಅವರು ವರ್ಷಗಟ್ಟಲೆ ಅದೇ ಪಾಠವನ್ನು ಕಣ್ಣು ಮುಚ್ಚಿಕೊಂಡು ಒಪ್ಪಿಸಿದವರು. ಈಗ ಕಣ್ಣು ಬಿಟ್ಟರೆ ಎದುರಿಗೆ ಒಬ್ಬಳೇ, ಪ್ರಶ್ನೆ ಕೇಳಲು ಅವಳ ಕೈ ಮೇಲೆ. ತಿಂಗಳೊಪ್ಪತ್ತಿನಲ್ಲಿ ಅವರು ಲೈಬ್ರರಿಯಲ್ಲಿ ಕಾಣಿಸತೊಡಗಿದರು. “ಈ ವಯಸ್ಸಲ್ಲಿ ನನ್ನ ಓದೋ ಹಾಗೆ ಮಾಡಿಬಿಟ್ಳು” ಎಂದು ಮೇಡಂ ಹತ್ತಿರ ಗೊಣಗಿದರೂ ಮುಖದಲ್ಲಿ ಮದುವೆ ಮನೆಯ ಕಳೆಯಿತ್ತು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಇನ್ಸುಲೇಟರ್ ಮಾಡುತ್ತೇನೆಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಮಣ್ಣು ಹದ ಮಾಡಿದಳು, ಅಚ್ಚು ಮಾಡಿದಳು, ಒಣಗಿಸಿ ಹೊಳಪಿನ ಲೇಪ ಕೊಟ್ಟಳು. ಬಹಳ ಕಾಲದಿಂದ ತಣ್ಣಗಿದ್ದ ದೊಡ್ಡ ಭಟ್ಟಿ ಉರಿಯಿತು. ಉರಿ ಆರಿಸಿದ ಮೇಲೆ ಅದು ತಾನಾಗಿ ತಣಿಯುವ ತನಕ ಬಾಗಿಲು ಮುಟ್ಟಬಾರದು. ಭಟ್ಟಿ ಮೇಡಂ ಎಷ್ಟೋ ಬ್ಯಾಚುಗಳಿಗೆ ಗದರಿ ಗದರಿ ಹೇಳಿದ ಪಾಠ ಅದು. ಆದರೆ ಮರುದಿನ ಬೆಳಿಗ್ಗೆ ಮೇಡಂಗೆ ತಡೆದುಕೊಳ್ಳಲಾಗಲಿಲ್ಲ. ಒಂದೇ ಒಂದು ಸಲ ಇಣುಕಿ ನೋಡೋಣವೆಂದು ಬಾಗಿಲು ಸರಿಸಿದರು. ತಣ್ಣನೆ ಗಾಳಿ ಒಳಗೆ ಹೋಯಿತು, ಒಳಗಿನಿಂದ ಟಿಣ್ ಎಂಬ ಸದ್ದು ಹೊರಗೆ ಬಂತು.

ಹುಡುಗಿ ಬಂದು ಸೀಳು ಬಿಟ್ಟ ಇನ್ಸುಲೇಟರನ್ನು ನೋಡಿದಳು, ಮೇಡಂ ಮುಖವನ್ನೂ ನೋಡಿದಳು.

“ಮೇಡಂ, ಭಟ್ಟಿ ಬೇಗ ತೆಗೆದ್ರೆ ಏನಾಗತ್ತೆ ಅಂತ ಹೋದ ಪರೀಕ್ಷೇಲಿ ನೀವೇ ಕೇಳಿದ್ರಿ.”

“ಎಷ್ಟು ಅಂಕ ಕೊಟ್ಟಿದ್ದೆ?”

“ಪೂರ್ತಿ.”

“ಈಗ ನನಗೆ ಸೊನ್ನೆ ಹಾಕು” ಎಂದರು ಮೇಡಂ. ಇಬ್ಬರೂ ನಗುವುದಕ್ಕೆ ಶುರುಮಾಡಿ, ಗಾಜಿನ ಮೇಷ್ಟ್ರು ಓಡಿ ಬರುವ ತನಕ ನಕ್ಕರು. ಎರಡನೆಯ ಸಲ ಭಟ್ಟಿ ಆರಿಸಿದಾಗ ಮೇಡಂ ಬೀಗದ ಕೈಯನ್ನು ಹುಡುಗಿಗೆ ಕೊಟ್ಟು ಮನೆಗೆ ಹೋದರು.

ಹೀಗೆ ಹುಟ್ಟಿದ ಇನ್ಸುಲೇಟರನ್ನು ಪರೀಕ್ಷಿಸಿದ್ದು ಎಲೆಕ್ಟ್ರಿಕಲ್ ವಿಭಾಗದ ಪ್ರಯೋಗಾಲಯದಲ್ಲಿ. ಕೋರಂ ಮಾಡಿದ್ದಕ್ಕೆ ಕರೆಂಟು ಹಾಯಿಸುತ್ತಾರಂತೆ ಎಂಬ ಸುದ್ದಿ ಹಬ್ಬಿ, ಕಂಪ್ಯೂಟರ್ ವಿಭಾಗದವರೂ ಬಂದು ಸುರಕ್ಷತೆಗೆ ಹಾಕಿದ್ದ ಜಾಲರಿಯ ಈಚೆ ಒತ್ತೊತ್ತಾಗಿ ನಿಂತರು. ಅಪ್ಪ ಕೆಲಸದಿಂದ ಸೀದಾ ಬಂದು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಹಿಂದೆ ನಿಂತರು. ವೋಲ್ಟೇಜು ಏರುತ್ತಾ ಹೋಯಿತು. ಕಂಬದ ಮೇಲೆ ಬೇಕಾಗುವಷ್ಟು ಮುಟ್ಟಿತು, ಅದನ್ನೂ ದಾಟಿತು. ಇನ್ಸುಲೇಟರ್ ಸಣ್ಣಗೆ ಗುಂಯ್‌ಗುಟ್ಟಿತೇ ಹೊರತು ಜಗ್ಗಲಿಲ್ಲ. ಇನ್ನೂ ಏರಿಸಿದಾಗ, ಯಂತ್ರದ ಮಿತಿಯ ಹತ್ತಿರ, ನೀಲಿ ಮಿಂಚೊಂದು ಅದರ ಮೈಮೇಲೆ ಹಾರಿ ಆರಿತು. ಇಳಿಸಿ ನೋಡಿದರೆ ಒಂದು ಗೀರೂ ಇರಲಿಲ್ಲ.

ಗುಂಪು ಚಪ್ಪಾಳೆ ತಟ್ಟಿತು. ಅಪ್ಪ ಮಾತ್ರ ಹತ್ತಿರ ಬಂದು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, “ಇದನ್ನ ನಂಬಿ ಕಂಬ ಹತ್ತಬಹುದು” ಎಂದರು.

ಜನರ ನಡುವಿನಿಂದ ಕಂಪ್ಯೂಟರ್ ವಿಭಾಗದ ಇಬ್ಬರು ಹುಡುಗರು ಮೇಡಂ ಹತ್ತಿರ ಬಂದು, ಇದನ್ನು ತಾವೂ ಕಲಿಯಬಹುದಾ ಎಂದು ವಿಚಾರಿಸಿದರು. ಅವರನ್ನು ನೋಡಿ ಮತ್ತಷ್ಟು ಮಂದಿ ಸೇರಿಕೊಂಡರು. ಮೇಡಂ ಮರುದಿನವೇ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಕೂತರು, ಹೂಂ ಅನ್ನಿಸಿಕೊಳ್ಳುವ ತನಕ ಏಳಲಿಲ್ಲ. ಪಿಂಗಾಣಿ ವಿಭಾಗ ಮುಚ್ಚುವುದು ತಪ್ಪಲಿಲ್ಲ. ಆದರೆ ಯಾವ ವಿಭಾಗದವರಾದರೂ ಇಷ್ಟಪಟ್ಟು ಓದಬಹುದಾದ ವಿಷಯವಾಗಿ ಪಿಂಗಾಣಿ ಉಳಿಯಿತು. ಹೆಸರು ಕೊಟ್ಟವರ ಸಂಖ್ಯೆ ನೋಡಿ ಗಾಜಿನ ಮೇಷ್ಟ್ರು ಹೊಸ ಕನ್ನಡಕ ಮಾಡಿಸಿಕೊಂಡರು.

ಪದವಿ ಪ್ರದಾನದ ದಿನ ವಿಭಾಗದ ಹೆಸರು ಕೂಗಿದಾಗ ಎದ್ದವಳು ಒಬ್ಬಳೇ. ಅವಳು ವೇದಿಕೆ ತಲುಪುವಷ್ಟರಲ್ಲಿ ಕೋರಂ, ಕೋರಂ ಎಂದು ಸಭಾಂಗಣದಲ್ಲೆಲ್ಲ ಗದ್ದಲವೆದ್ದಿತು. ಭಟ್ಟಿ ಮೇಡಂ ಸೆರಗಿನಿಂದ ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು.

ಹೊರಗೆ ಹುಲ್ಲಿನ ಮೇಲೆ ಒಂದೊಂದು ವಿಭಾಗದ ಗುಂಪು ಫೋಟೋ ತೆಗೆಯುತ್ತಿದ್ದರು. ಪಿಂಗಾಣಿಯ ಸರದಿ ಬಂದಾಗ ಫೋಟೋಗ್ರಾಫರ್, ಉಳಿದವರೆಲ್ಲ ಎಲ್ಲಿ ಎಂದು ಕೇಳಿದ. ಇಷ್ಟೇ ಎಂದರು ಮೇಡಂ. ಅವನು ಖಾಲಿ ಬೆಂಚಿನ ಸಾಲುಗಳನ್ನು ನೋಡಿ ಕ್ಯಾಮೆರಾ ಹಿಡಿದು ಮುಂದೆ ಬಂದ. ಹುಡುಗಿ ಅವನನ್ನು ತಡೆದು ಮೇಡಂ ಕೈ ಹಿಡಿದು ಎಳೆದುಕೊಂಡಳು. ಗಾಜಿನ ಮೇಷ್ಟ್ರು ಕರೆಯುವ ಮೊದಲೇ ಬಂದು ಕೂತರು. ಅಪ್ಪ ಅಮ್ಮ ಸಂಕೋಚದಿಂದ ತುದಿಯಲ್ಲಿ ನಿಂತಾಗ ಅವರನ್ನು ನಡುವೆ ಕೂರಿಸಿದರು. ಭಟ್ಟಿ ಉರಿಸುವವನು ಬಂದ, ಲೈಬ್ರರಿಯವರು ಬಂದರು. ಮುಂದಿನ ವರ್ಷದ ಪಿಂಗಾಣಿ ಪಾಠಕ್ಕೆ ಹೆಸರು ಕೊಟ್ಟವರು ನಾವೂ ಬರಬಹುದಾ ಎನ್ನುತ್ತಲೇ ಹಿಂದಿನ ಬೆಂಚುಗಳನ್ನು ಹತ್ತಿದರು.

ಫೋಟೋಗ್ರಾಫರ್ ಎಲ್ಲರಿಗೂ ಸ್ವಲ್ಪ ಒತ್ತಿಕೊಳ್ಳಿ ಎಂದ. ಒತ್ತಿಕೊಂಡರೂ ಎರಡು ಬದಿಯವರ ಭುಜಗಳು ಚೌಕಟ್ಟಿನ ಹೊರಗೆ ಉಳಿದವು. ಅವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹಿಂದೆ ಸರಿದ, ಇನ್ನಷ್ಟು ಸರಿದ, ಬೆನ್ನಿಗೆ ಬೇಲಿಯ ಗಿಡಗಳು ಚುಚ್ಚುವ ತನಕ ಸರಿದ.