ಸಾವಿರನೆಯ ದಿನದ ಬ್ಯಾನರು

ಮಾನ್ಯ ವಾಚಕ ಮಹಾಶಯರೇ,

ಆಕಾಶದಲ್ಲಿ ಸಂಭವಿಸುವ ದುರಂತಗಳಿಗೆ ಒಂದು ಗಾಂಭೀರ್ಯವಿರುತ್ತದೆ. ನೆಲದ ಮೇಲೆ, ನಡಿಗೆಗಿಂತ ನಿಧಾನವಾಗಿ ಸಂಭವಿಸುವ ಅವಘಡಗಳಿಗೆ ಆ ಭಾಗ್ಯವಿಲ್ಲ. ಹಾಡಹಗಲಿನಲ್ಲಿ, ನನ್ನ ಬೆನ್ನ ಹಿಂದೆಯೇ ಜರುಗಿದ ಅಂಥದೊಂದನ್ನು ತಮ್ಮ ಅವಗಾಹನೆಗೆ ತರಲು ಅಪ್ಪಣೆ ಬೇಡುತ್ತೇನೆ.

ನಾನಾಗ ಅಕ್ಕನ ಮನೆಯಲ್ಲಿದ್ದೆ. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಕಿರುಕೋಣೆಯಲ್ಲಿ, ಇಸ್ತ್ರಿ ಮೇಜಿನ ಪಕ್ಕ ನನ್ನ ಹಾಸಿಗೆ. ಭಾವ ವಿಮಾನ ನಿಲ್ದಾಣದಲ್ಲಿ ಹತ್ತೊಂಬತ್ತು ವರ್ಷಗಳಿಂದ ಟಗ್ ಚಾಲಕ. ನಿಂತ ವಿಮಾನದ ಮೂತಿಗೆ ಉಕ್ಕಿನ ದಂಡ ಸಿಕ್ಕಿಸಿ ಅದನ್ನು ಹಿಂದಕ್ಕೆ ತಳ್ಳುವ ಗಿಡ್ಡ ವಾಹನವೇ ಟಗ್. ಅದರಲ್ಲಿ ಕುಳಿತವನಿಗೆ ವಿಮಾನದ ಹೊಟ್ಟೆ ಅಡ್ಡವಾಗಿ, ಹಿಂದೇನಿದೆಯೆಂದು ಕಾಣುವುದಿಲ್ಲ. ಆದ್ದರಿಂದ ಎರಡೂ ರೆಕ್ಕೆಗಳ ತುದಿಯಲ್ಲಿ ಒಬ್ಬೊಬ್ಬರು ಕೋಲು ಹಿಡಿದು ನಡೆಯಬೇಕು. ಅವರು ಕೋಲನ್ನು ಅಡ್ಡ ಹಿಡಿದರೆ ಟಗ್ ನಿಲ್ಲಬೇಕು. ಭಾವನ ಶಿಫಾರಸಿನಿಂದ ನನಗೆ ದೊರೆತದ್ದು ಎಡರೆಕ್ಕೆಯ ಕೋಲು. ಜತೆಗೆ ಇನ್ನೊಂದು ಕೆಲಸವೂ ಇತ್ತು: ಶೆಡ್ಡಿನ ಬಾಗಿಲ ಮೇಲೆ ‘ಅಪಘಾತವಿಲ್ಲದ ದಿನಗಳು’ ಎಂಬ ಫಲಕದ ಕೊಕ್ಕೆಗಳಿಗೆ ಪ್ರತಿ ಬೆಳಿಗ್ಗೆ ಹೊಸ ಅಂಕಿಯ ತಗಡು ತಗುಲಿಸುವುದು.

ನಮ್ಮ ಮೇಲಧಿಕಾರಿಯನ್ನು ಬೆನ್ನ ಹಿಂದೆ ‘ಫಲಕಪ್ಪ’ ಎನ್ನುತ್ತಿದ್ದೆವು. ಅವರು ವಿಮಾನಗಳತ್ತ ನೋಡುತ್ತಿದ್ದುದು ಫಲಕವನ್ನು ನೋಡಿದ ಮೇಲೆಯೇ. ಒಮ್ಮೆ ಸಾಮಾನಿನ ಬಂಡಿ ವಿಮಾನದ ಬಾಗಿಲಿಗೆ ಗುದ್ದಿದಾಗ, ಆದದ್ದು ಬರಿಯ ಗೀರು ಎಂದು ಬರೆಸಿ ಅಂಕಿಯನ್ನು ಕಾಪಾಡಿದ್ದರು. ಊಟದ ಲಾರಿ ಎಂಜಿನ್ನಿನ ಮುಸುಡಿ ಜಜ್ಜಿದಾಗಲೂ ಅಷ್ಟೇ. ಹೀಗೆ ಪೋಷಿಸಿ ಬೆಳೆಸಿದ ಅಂಕಿ ಸಾವಿರ ಮುಟ್ಟಿದ ದಿನ, ಬ್ಯಾನರೊಂದನ್ನು ಹೊತ್ತು, ಕ್ಯಾಮೆರಾ ಹಿಡಿದ ಅಳಿಯನನ್ನೂ ಕರೆದುಕೊಂಡು ಅಂಗಳಕ್ಕಿಳಿದರು.

“ಏಯ್ ಎಡರೆಕ್ಕೆ, ಬಲರೆಕ್ಕೆ! ಇಬ್ರೂ ಬನ್ರಯ್ಯ, ಬ್ಯಾನರ್ ಹಿಡೀರಿ.”

“ಸಾರ್, ವಿಮಾನ ಹೊರಡೋ ಹೊತ್ತು,” ಎಂದೆ.

“ಎರಡೇ ನಿಮಿಷ ಕಣಯ್ಯ. ರೆಕ್ಕೆ ಏನು ಹಾರಿಹೋಗುತ್ತಾ?”

ನಾವು ವಿಮಾನಕ್ಕೆ ಬೆನ್ನು ಹಾಕಿ ನಿಂತೆವು. ನಡುವೆ ಫಲಕಪ್ಪ. ಅಳಿಯ ಮುಖ ಸಿಂಡರಿಸಿದ.

“ಮಾವಾ, ಹಿಂದೆ ವಿಮಾನ ಗೋಡೆ ಥರ ನಿಂತಿದೆ. ಸ್ವಲ್ಪ ಚಲಿಸ್ತಾ ಇದ್ರೆ ಕಳೆ ಬರುತ್ತೆ.”

ಫಲಕಪ್ಪ ವಾಕಿಟಾಕಿಯನ್ನು ಬಾಯಿಗೆ ಹಿಡಿದರು. “ತಳ್ಳಪ್ಪಾ.”

ಭಾವನ ದನಿ ಕೇಳಿಸಿತು: “ಸಾರ್, ರೆಕ್ಕೆಯೋರು ಕಾಣ್ತಿಲ್ಲ. ಇದಾರಾ?”

“ಇಬ್ರೂ ನನ್ನ ಪಕ್ಕದಲ್ಲೇ ಇದಾರೆ. ತಳ್ಳು ಅಂದ್ರೆ ತಳ್ಳಯ್ಯ!”

ನಾನು ಕೂಗಬಹುದಿತ್ತು. ಕೂಗಲಿಲ್ಲ, ಚಿತ್ರದಲ್ಲಿ ಚೆನ್ನಾಗಿ ಕಾಣಲೆಂದು ಹೊಟ್ಟೆಯನ್ನು ಒಳಗೆಳೆದುಕೊಂಡು ಉಸಿರು ಬಿಗಿಹಿಡಿದಿದ್ದೆ. ಬೇರೆಯವರ ಬಗ್ಗೆ ನನಗಿರುವ ತಿರಸ್ಕಾರದಲ್ಲಿ ನನಗೂ ಒಂದು ಪಾಲು ಎತ್ತಿಟ್ಟಿದ್ದೇನೆ.

“ಸೂಪರ್ ಮಾವಾ, ಹಾಗೇ ಹಲ್ಲು ಕಾಣಲಿ!” ಎಂದು ಅಳಿಯ ಕ್ಲಿಕ್ಕಿಸಿದ. ಅದೇ ಕ್ಷಣ ಎಡರೆಕ್ಕೆ, ಹಿಂದೆ ಓರೆಯಾಗಿ ನಿಂತಿದ್ದ ಇನ್ನೊಂದು ವಿಮಾನದ ಬಾಲವನ್ನು ಹೊಕ್ಕಿತು. ಯಾರೋ ಸಾವಧಾನವಾಗಿ ದೊಡ್ಡ ಡಬ್ಬಿಯೊಂದರ ಮುಚ್ಚಳ ಸೀಳಿದಂಥ ಸದ್ದು. ಪೈಲಟ್ ಕಿಟಕಿಯಿಂದ ತಲೆ ಹೊರಹಾಕಿ, “ಯಾವನಯ್ಯ ಅವನು!” ಎಂದು ಅರಚಿದ. ಪ್ರಯಾಣಿಕರೆಲ್ಲ ಕಿಟಕಿಗಳಲ್ಲಿ ಫೋನು ಎತ್ತಿದರು. ಬ್ಯಾನರು ಇಳಿಸಿರೆಂದು ಯಾರೂ ಹೇಳದ ಕಾರಣ, ನಾವಿಬ್ಬರೂ ಅದನ್ನು ಹಿಡಿದೇ ಇದ್ದೆವು.

ಮಧ್ಯಾಹ್ನ ಫಲಕಪ್ಪ ನನ್ನನ್ನು ಕೋಣೆಗೆ ಕರೆಸಿ ಒಂದು ಹಾಳೆ ಮುಂದಿಟ್ಟರು. ನಾನು ರೆಕ್ಕೆಯ ತುದಿಯಲ್ಲೇ ಇದ್ದೆ, ಕೋಲು ಅಡ್ಡ ಹಿಡಿದೆ, ಚಾಲಕ ನೋಡಲಿಲ್ಲ ಎಂದು ಅದರಲ್ಲಿತ್ತು.

“ಸಹಿ ಹಾಕು. ನಿನ್ನ ಕೆಲಸ ಕಾಯಂ. ನಿಮ್ಮ ಭಾವನಿಗೂ ವಯಸ್ಸಾಯ್ತು; ಟಗ್ಗಿನ ಲೈಸೆನ್ಸ್ ಹೋದ್ರೆ ಮನೇಲಿ ಆರಾಮಾಗಿರ್ತಾನೆ.”

“ಯೋಚನೆ ಮಾಡಿ ಹೇಳ್ತೀನಿ ಸಾರ್.”

“ಯೋಚನೆ ಯಾಕಯ್ಯ ನಿನಗೆ? ನಾಳೆ ಬೆಳಿಗ್ಗೆ ತಾ.”

ಸಂಜೆ ಆ ಹಾಳೆ ಇಸ್ತ್ರಿ ಮೇಜಿನ ಮೇಲೆ ಬಿದ್ದಿತ್ತು. ಭಾವ ಓದಿ, ಕನ್ನಡಕ ತೆಗೆದರು. “ಹಾಕ್ಬಿಡಪ್ಪಾ. ನಿಂಗಾದ್ರೂ ಉಳೀಲಿ.”

“ಇವನಿಗೆ ಕಾಯಂ ಕೆಲಸವಂತೆ!” ಎಂದಳು ಅಕ್ಕ. “ರೆಕ್ಕೆ ಹತ್ರ ಎರಡು ನಿಮಿಷ ನಿಲ್ಲಲಾರದೋನು ಕೆಲಸದಲ್ಲಿ ನಿಲ್ತಾನಾ? ಇವನಿಗೋಸ್ಕರ ನೀವು ಮನೇಲಿ ಕೂತ್ಕೋಬೇಕಾ?”

ಭಾವನ ಫೋನು ಕುಂಯ್‌ಗುಡುತ್ತಲೇ ಇತ್ತು. ಫಲಕಪ್ಪನವರ ಅಳಿಯ ಚಿತ್ರವನ್ನು ಕ್ಲಿಕ್ಕಿಸಿದೊಡನೆಯೇ ಸಿಬ್ಬಂದಿಯ ಗುಂಪಿಗೂ ಕೇಂದ್ರ ಕಚೇರಿಗೂ ರವಾನಿಸಿದ್ದ. ನಲವತ್ತಮೂರು ಜನ ಅಭಿನಂದಿಸಿದ್ದರು. ಕೇಂದ್ರ ಕಚೇರಿ ಚಪ್ಪಾಳೆಯ ಗುರುತು ಕಳಿಸಿತ್ತು. ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು.

“ರೀ, ಇವನ ತಲೆ ಹಿಂದೆ ನೋಡ್ರೀ. ಈ ರೆಕ್ಕೆ ಎಲ್ಲಿ ಹೊಕ್ಕಿದೆ?”

ಎಲ್ಲವೂ ಅಲ್ಲಿತ್ತು: ಬಾಯಿಯ ಬಳಿ ವಾಕಿಟಾಕಿ, ಫಲಕಪ್ಪನವರ ಮೂವತ್ತೆರಡು ಹಲ್ಲು, ಎದೆಯುಬ್ಬಿಸಿ ಬ್ಯಾನರು ಹಿಡಿದ ನಾನು, ಹಿಂದೆ ಸೀಳಿದ ಬಾಲ. ಅಭಿನಂದಿಸಿದ ಅಷ್ಟೂ ಜನರಲ್ಲಿ ಒಬ್ಬನೂ ಚಿತ್ರವನ್ನು ನೋಡಿರಲಿಲ್ಲ.

ಮರುದಿನ ನಾನು ಸಹಿ ಹಾಕಿದೆ, ನಾನೇ ಬರೆದ ಬೇರೆ ಹಾಳೆಗೆ. ರೆಕ್ಕೆ ಬಿಟ್ಟು ಬಂದೆ, ತಳ್ಳೆಂಬ ಆಜ್ಞೆ ಕೇಳಿದೆ, ಕೂಗಲಿಲ್ಲ ಎಂದು ಬರೆದು, ಆ ಚಿತ್ರದೊಂದಿಗೆ ಅಪಘಾತದ ತನಿಖೆಗೆ ಬಂದವರಿಗೆ ಕೊಟ್ಟೆ. ನಾಲ್ಕನೆಯ ದಿನ ತೀರ್ಪು ಬಂತು. ಭಾವನ ಲೈಸೆನ್ಸ್ ಉಳಿಯಿತು. ನನ್ನ ಕೋಲು ಹೋಯಿತು, ಅದು ನ್ಯಾಯವೇ. ಫಲಕಪ್ಪನವರನ್ನು ಬೇರೊಂದು ನಿಲ್ದಾಣಕ್ಕೆ ವರ್ಗಾಯಿಸಿದರು, ಹೊಸಬರಿಗೆ ಸುರಕ್ಷತೆಯ ಪಾಠ ಹೇಳುವುದಕ್ಕೆ.

ಅವರು ಮೇಜು ಖಾಲಿ ಮಾಡುತ್ತಲೇ ನನಗೆ ಕೊನೆಯ ಆಜ್ಞೆ ಕೊಟ್ಟರು: “ಸಾವಿರದ ನಾಲ್ಕು ಹಾಕಿ ಹೋಗಯ್ಯ. ಅದು ಅಪಘಾತ ಅಲ್ಲ, ಬರೀ ತಾಗಿದ್ದು.”

ಏಣಿ ಹತ್ತಿದೆ. ತನಿಖೆಯ ದೆಸೆಯಿಂದ ಫಲಕ ಇನ್ನೂ ಸಾವಿರದಲ್ಲೇ ನಿಂತಿತ್ತು. ನಾನು ಒಂದರ ತಗಡನ್ನು ಮಾತ್ರ ಬಿಚ್ಚಿಕೊಂಡೆ. ಮೂರು ಸೊನ್ನೆಗಳು ಉಳಿದವು.

ಮನೆಗೆ ಬಂದು ಎರಡು ಅಂಗಿ, ಕ್ಷೌರದ ಸಾಮಾನು, ಆ ತಗಡು ಇಷ್ಟನ್ನೂ ಚೀಲಕ್ಕೆ ತುಂಬಿದೆ.

“ಎಲ್ಲಿಗೋ?” ಎಂದಳು ಅಕ್ಕ.

“ಮೊದಲು ಬರೋ ಬಸ್ಸು ಎಲ್ಲಿಗೋ ಅಲ್ಲಿಗೆ.”

“ನಿಲ್ಲು, ಆ ಅಂಗಿಗೆ ಇಸ್ತ್ರಿ ಹಾಕ್ಕೊಡ್ತೀನಿ.”

ಅಷ್ಟರಮಟ್ಟಿಗೆ ನಿಂತೆ. ಆಮೇಲೆ ಹೊರಟೆ.